ಠಾಣೆಗೆ ಮುತ್ತಿಗೆ, ಲಾರಿಯಲ್ಲಿ ಕೈದಿ

2019ರ ದೀಪಾವಳಿ ವಿಜಯ್ ಅವರ 'ಬಿಗಿಲ್'ನದ್ದೇ ಎಂದು ತಮಿಳು ಚಿತ್ರರಂಗ ಲೆಕ್ಕ ಹಾಕಿತ್ತು. ಅದೇ ಅಕ್ಟೋಬರ್ 25ರಂದು ಲೋಕೇಶ್ ಕನಕರಾಜ್ ನಿರ್ದೇಶನದ 'ಕೈದಿ'ಯೂ ತೆರೆಗೆ ಬಂತು. ನಾಯಕಿಯಿಲ್ಲ, ಡ್ಯುಯೆಟ್ ಇಲ್ಲ, ಕಥೆ ನಡೆಯುವುದು ಒಂದೇ ರಾತ್ರಿ. ಹಬ್ಬದ ಗದ್ದಲದಲ್ಲಿ ಕೊಚ್ಚಿಹೋಗಬೇಕಿದ್ದ ಸಿನಿಮಾ ಬಾಯಿಮಾತಿನ ಬಲದಿಂದಲೇ ನಿಂತುಬಿಟ್ಟಿತು.

ಕೊಯಮತ್ತೂರು ಕಡೆಯ ಲೋಕೇಶ್ ಬ್ಯಾಂಕಿನಲ್ಲಿದ್ದವರು. ಯಾವ ನಿರ್ದೇಶಕರ ಬಳಿಯೂ ಸಹಾಯಕರಾಗಿ ಪಳಗಿದವರಲ್ಲ. 2017ರ 'ಮಾನಗರಂ' ಅವರ ಮೊದಲ ಚಿತ್ರ. 'ಕೈದಿ'ಯನ್ನು ಅವರು ಮೊದಲು ಬರೆದದ್ದು ಚಿತ್ರದ ನಾಯಕನಟ ಕಾರ್ತಿಗಲ್ಲ, ಮನ್ಸೂರ್ ಅಲಿ ಖಾನ್‌ಗೆ! 'ಕ್ಯಾಪ್ಟನ್ ಪ್ರಭಾಕರನ್' ಚಿತ್ರದ ಕಾಡುಗಳ್ಳನಾಗಿ ನಮ್ಮವರಿಗೂ ನೆನಪಿರುವ ಅದೇ ಖಳನಟ. ಪಾತ್ರ ಕಾರ್ತಿಯ ಕೈಗೆ ಬಂದರೂ ಆ ಖಳನ ಒರಟುತನ ಕಥಾನಾಯಕ ದಿಲ್ಲಿಯ ಗಡ್ಡದಲ್ಲಿ, ಹಣೆಯ ವಿಭೂತಿಯಲ್ಲಿ, ಅನ್ನಕ್ಕೆ ಕೈಹಾಕುವ ರೀತಿಯಲ್ಲಿ ಉಳಿದುಕೊಂಡಿದೆ.

'ಡೈ ಹಾರ್ಡ್' ಮತ್ತು ಕಮಲ್ ಹಾಸನ್‌ರ 'ವಿರುಮಾಂಡಿ' ತಮಗೆ ಸ್ಫೂರ್ತಿ ಎಂದು ಲೋಕೇಶ್ ಹೇಳಿಕೊಂಡಿದ್ದಾರೆ. ಆದರೆ ಈ ಕಥೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1959ರಲ್ಲಿ ಹೋವರ್ಡ್ ಹಾಕ್ಸ್ 'ರಿಯೋ ಬ್ರಾವೊ' ತೆಗೆದರು. ಲಾಕಪ್ಪಿನಲ್ಲಿರುವ ತಮ್ಮನನ್ನು ಬಿಡಿಸಿಕೊಳ್ಳಲು ಅಣ್ಣನ ಕಡೆಯವರು ಬರುತ್ತಾರೆ. ಅವರನ್ನು ತಡೆಯಲು ಶೆರಿಫ್‌ನ ಜೊತೆ ಉಳಿದವರೆಂದರೆ ಒಬ್ಬ ಕುಡುಕ, ಒಬ್ಬ ಕುಂಟ ಮುದುಕ, ಒಬ್ಬ ಹುಡುಗ. ಇದನ್ನೇ ಜಾನ್ ಕಾರ್ಪೆಂಟರ್ 1976ರಲ್ಲಿ ಲಾಸ್ ಏಂಜಲೀಸ್‌ನ ಠಾಣೆಯೊಂದಕ್ಕೆ ತಂದು 'ಅಸಾಲ್ಟ್ ಆನ್ ಪ್ರಿಸಿಂಕ್ಟ್ 13' ಮಾಡಿದರು. ಸಾಲವನ್ನು ಮುಚ್ಚಿಡಲೂ ಇಲ್ಲ: ಸಂಕಲನಕಾರನ ಜಾಗದಲ್ಲಿ ಹಾಕ್ಸ್ ಚಿತ್ರದ ಶೆರಿಫ್‌ನ ಹೆಸರನ್ನೇ ಹಾಕಿಕೊಂಡರು. ಅಲ್ಲಿ ಠಾಣೆ ಉಳಿಸಲು ಕೈಜೋಡಿಸುವ ಕೈದಿಯ ಹೆಸರು ನೆಪೋಲಿಯನ್ ವಿಲ್ಸನ್.

'ಕೈದಿ'ಯಲ್ಲಿ ತಿರುಚಿಯ ಕಮಿಷನರ್ ಕಚೇರಿಯ ಲಾಕಪ್ಪಿನಲ್ಲಿ ಡ್ರಗ್ಸ್ ದೊರೆ ಅಡೈಕ್ಕಳಂ ಕೂತಿದ್ದಾನೆ. ವಶಪಡಿಸಿಕೊಂಡ 900 ಕೆ.ಜಿ. ಮಾಲೂ ಅದೇ ಕಟ್ಟಡದಲ್ಲಿದೆ. ಎರಡನ್ನೂ ಬಿಡಿಸಿಕೊಳ್ಳಲು ಅವನ ಸಹೋದರ ಅನ್ಬು ಗ್ಯಾಂಗ್ ಸಮೇತ ಹೊರಟಿದ್ದಾನೆ. ಕಚೇರಿಯಲ್ಲಿ ಉಳಿದವರು ಅದೇ ದಿನ ವರ್ಗವಾಗಿ ಬಂದ ವಯಸ್ಸಾದ ಕಾನ್‌ಸ್ಟೆಬಲ್ ಒಬ್ಬ, ಕುಡಿದು ಸಿಕ್ಕಿಬಿದ್ದ ಕಾಲೇಜು ಹುಡುಗರು. ಕಾನ್‌ಸ್ಟೆಬಲ್‌ನ ಹೆಸರು ನೆಪೋಲಿಯನ್. ಅದು ಸುಮ್ಮನೆ ಇಟ್ಟ ಹೆಸರೆಂದು ನಾನಂತೂ ನಂಬುವುದಿಲ್ಲ.

ಲೋಕೇಶ್ ಸೇರಿಸಿದ್ದು ಲಾರಿಯನ್ನು. ಹತ್ತು ವರ್ಷ ಜೈಲಿನಲ್ಲಿ ಕಳೆದು, ಅನಾಥಾಶ್ರಮದಲ್ಲಿರುವ ಮಗಳ ಮುಖವನ್ನು ಮೊದಲ ಸಲ ನೋಡಲು ಹೊರಟ ದಿಲ್ಲಿ, ವಿಷ ಬೆರೆತ ಮದ್ಯ ಕುಡಿದು ಬಿದ್ದಿರುವ ಪೊಲೀಸರನ್ನು ಅಡುಗೆ ಸಾಗಿಸುವ ಲಾರಿಯಲ್ಲಿ ತುಂಬಿಕೊಂಡು ಓಡಿಸಬೇಕು. ಪೊಲೀಸರು ಕೈದಿಯನ್ನು ಒಯ್ಯುವ ವಾಡಿಕೆ ಇಲ್ಲಿ ತಲೆಕೆಳಗು. ಹೀರೊ ದಾರಿಯಲ್ಲಿ ಹೊಡೆದಾಡುತ್ತಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುವ ಕೆಲಸ ನೆಪೋಲಿಯನ್‌ನ ಪಾಲಿಗೆ ಬೀಳುತ್ತದೆ. ಜಾರ್ಜ್ ಮರಿಯನ್ ಎಂಬ ಹಾಸ್ಯನಟನಿಗೆ ಈ ಪಾತ್ರ ಕೊಟ್ಟದ್ದೇ ಚಿತ್ರದ ದೊಡ್ಡ ಜಾಣತನ.

ಸಾಹಸ ಅನ್ಬರಿವ್ ಅವಳಿಗಳದ್ದು. ನಮ್ಮ 'ಕೆಜಿಎಫ್'ನಿಂದ ರಾಷ್ಟ್ರಪ್ರಶಸ್ತಿ ಪಡೆದವರು ಇವರೇ. ಸತ್ಯನ್ ಸೂರ್ಯನ್ ಕ್ಯಾಮೆರಾ ಲಾರಿಯ ದೀಪ, ಟಾರ್ಚುಗಳ ಬೆಳಕಿನಲ್ಲೇ ಇರುಳನ್ನು ದಾಟುತ್ತದೆ. ಕೊನೆಯ ದೈತ್ಯ ಮೆಷಿನ್ ಗನ್ ಮಾತ್ರ ನನಗೆ ಅತಿಯೆನಿಸಿತು. ಅಲ್ಲಿ ನಿರ್ದೇಶಕರು ಶಿಳ್ಳೆಗೆ ಸೋತಿದ್ದಾರೆ.

ಇದೇ ಅಡಿಪಾಯದ ಮೇಲೆ 2022ರ 'ವಿಕ್ರಂ' ಎದ್ದಿತು. ಅಡೈಕ್ಕಳಂ, ಅನ್ಬು ಅಲ್ಲಿಯೂ ಬಂದರು. 2023ರಲ್ಲಿ ಅಜಯ್ ದೇವಗನ್ 'ಭೋಲಾ' ಎಂದು ಹಿಂದಿಗೆ ತಂದರು. ತಮಿಳಿನಲ್ಲಿ ಹೆಂಡತಿಯ ಕಥೆಯನ್ನು ದಿಲ್ಲಿ ಬಾಯಲ್ಲಷ್ಟೇ ಹೇಳುತ್ತಾನೆ, ಹಿಂದಿಯಲ್ಲಿ ಅದಕ್ಕೊಂದು ಫ್ಲ್ಯಾಶ್‌ಬ್ಯಾಕ್, ಜೊತೆಗೆ ಐಟಂ ಹಾಡು. ರಾತ್ರಿಯ ಬಿಗಿ ಅಲ್ಲೇ ಸಡಿಲವಾಯಿತು. ಇನ್ನೂ ನೋಡದವರು 'ರಿಯೋ ಬ್ರಾವೊ' ಮುಗಿಸಿ 'ಕೈದಿ'ಗೆ ಬನ್ನಿ. 'ಭೋಲಾ' ಬಿಟ್ಟರೆ ನಷ್ಟವಿಲ್ಲ.