ಖಂಡಸ್ಫುಟಿತ ಜೀರ್ಣೋದ್ಧಾರ: ಸವೆದ ಕಾಂಕ್ರೀಟಿಗೆ ಹೊಸ ಮೇಲ್ಪದರ

ಕನ್ನಡನಾಡಿನ ದೇವಾಲಯಗಳಿಗೂ ಬಸದಿಗಳಿಗೂ ದತ್ತಿ ಬಿಟ್ಟ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಅಪರಿಚಿತವಲ್ಲ. ದೇವರ ಅಂಗಭೋಗ, ನೈವೇದ್ಯ, ತಪೋಧನರ ಆಹಾರದಾನ ಇವುಗಳ ಸಾಲಿನಲ್ಲಿಯೇ ಅದೂ ಬರುತ್ತದೆ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು. ಕಟ್ಟಿದುದು ಒಂದಲ್ಲ ಒಂದು ದಿನ ಮುರಿಯುವುದೆಂದೂ ಬಿರಿಯುವುದೆಂದೂ ಮೊದಲೇ ಒಪ್ಪಿಕೊಂಡು, ಆ ವೆಚ್ಚಕ್ಕೆಂದೇ ಭೂಮಿಯನ್ನು ಬಿಡುತ್ತಿದ್ದರು. ಕೆರೆ ಕಟ್ಟಿದವರಿಗೂ ಕಟ್ಟಿದ ಕೆರೆಯನ್ನು ಕಾಪಾಡಿದವರಿಗೂ ಕಟ್ಟುಕೊಡಗೆಯೆಂಬ ಮಾನ್ಯವಿತ್ತು. ದುರಸ್ತಿಯೆಂಬುದು ಅವರ ಲೆಕ್ಕದಲ್ಲಿ ಅನಿರೀಕ್ಷಿತವಾದ ಖರ್ಚಾಗಿರಲಿಲ್ಲ.

ಕಾಂಕ್ರೀಟಿನ ವಿಷಯದಲ್ಲಿ ನಮ್ಮ ಮನೋಧರ್ಮ ಬೇರೆಯಾಗಿದೆ. ಅದು ಒಮ್ಮೆ ಹಾಕಿದರೆ ಶಾಶ್ವತವೆಂದು ಮೊದಲು ನಂಬುತ್ತೇವೆ. ಮೇಲ್ಮೈ ಸವೆದು ಜಲ್ಲಿ ಕಾಣತೊಡಗಿದೊಡನೆ ಅದು ಸತ್ತಿತೆಂದು ತೀರ್ಮಾನಿಸಿ ಒಡೆಸುತ್ತೇವೆ. ಈ ಎರಡು ನಂಬಿಕೆಗಳೂ ತಪ್ಪು. ಸವೆದ ಕಾಂಕ್ರೀಟನ್ನು ಯಾವಾಗ ಉಳಿಸಿಕೊಂಡು ಅದರ ಮೇಲೆ ಹೊಸ ಪದರವನ್ನು ಹಾಕಬಹುದು, ಯಾವಾಗ ಹಾಕಲಾಗದು, ಅದಕ್ಕೆ ಕಾರಣಗಳೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಇತಿಹಾಸದ ಅಧ್ಯಾಪಕನು ಎಂಜಿನಿಯರರ ಹೊಲಕ್ಕೆ ಕಾಲಿಟ್ಟನೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಹಳೆಯದರಲ್ಲಿ ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ನಿರ್ಣಯಿಸುವುದು ನಮ್ಮ ಶಾಸ್ತ್ರಕ್ಕೂ ಸೇರಿದ ಕೆಲಸವೇ ಆಗಿದೆ.

ಮೊದಲು ಸವೆತದ ಸ್ವರೂಪವನ್ನು ತಿಳಿಯಬೇಕು. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆಯೇ ಹೊರತು ಕೇವಲ ಒಣಗಿ ಗಟ್ಟಿಯಾಗುವುದಿಲ್ಲ. ಕಲಸುವಾಗ ಅಗತ್ಯಕ್ಕಿಂತ ಹೆಚ್ಚು ನೀರನ್ನು ಸೇರಿಸಿದರೆ ಜಲ್ಲಿ ಕೆಳಗಿಳಿದು, ನೀರು ನುಣುಪಾದ ಕಣಗಳನ್ನು ಹೊತ್ತುಕೊಂಡು ಮೇಲಕ್ಕೆ ಬರುತ್ತದೆ. ಹಾಲಿನ ಮೇಲೆ ಕೆನೆ ಕಟ್ಟುವಂತೆ ಅಲ್ಲೊಂದು ತೆಳುವಾದ ಪದರ ಕಟ್ಟುತ್ತದೆ. ನೋಡಲು ನಯವಾದ ಈ ಕೆನೆ ಕಾಂಕ್ರೀಟಿನ ಅತ್ಯಂತ ದುರ್ಬಲವಾದ ಭಾಗ. ಜನರ ನಡಿಗೆ, ಬಂಡಿಗಳ ಚಕ್ರ, ಮಳೆ, ಬಿಸಿಲು ಇವುಗಳೆಲ್ಲ ಬಾಧಿಸುವುದು ಈ ಭಾಗವನ್ನೇ. ಹೊಸದಾಗಿ ಹಾಕಿದ ನೆಲ ಆರು ತಿಂಗಳಲ್ಲಿಯೇ ಪೊರಕೆಗೆ ಪುಡಿ ಬರುತ್ತಿದ್ದರೆ ಅದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಆದರೆ ಇದರ ಕೆಳಗಿನ ಕಾಂಕ್ರೀಟು ತೇವಾಂಶ ದೊರೆತಷ್ಟು ಕಾಲ ನಿಧಾನವಾಗಿ ಇನ್ನೂ ಬಲಗೊಳ್ಳುತ್ತಲೇ ಇರುತ್ತದೆ. ಆದುದರಿಂದ ಮೈ ಸವೆದ ನೆಲದ ಒಡಲು ಅದನ್ನು ಹಾಕಿದ ವರ್ಷಕ್ಕಿಂತ ಹೆಚ್ಚು ಗಟ್ಟಿಯಾಗಿರುವುದು ವಿರಳವೇನಲ್ಲ.

ಭಾರ ಹೊರುವ ಭಾಗ ಬೇರೆ, ಸವೆಯುವ ಭಾಗ ಬೇರೆ ಎಂಬ ವಿವೇಕ ಹೊಸದಲ್ಲ. ಅಮೆರಿಕದ ಓಹಿಯೋ ಸಂಸ್ಥಾನದ ಬೆಲ್‌ಫೌಂಟನ್ ಎಂಬ ಸಣ್ಣ ಊರಿನಲ್ಲಿ ಜಾರ್ಜ್ ಬಾರ್ತಲೊಮ್ಯೂ ಎಂಬ ಸಿಮೆಂಟು ತಯಾರಕನು 1891ರಲ್ಲಿ ಮುಖ್ಯ ಬೀದಿಯ ಅಂಚಿನಲ್ಲಿ ಎಂಟು ಅಡಿ ಅಗಲದ ಕಾಂಕ್ರೀಟು ಪಟ್ಟಿಯೊಂದನ್ನು ಹಾಕಿದನು. ಅದನ್ನು ಪರೀಕ್ಷಿಸಿ ನೋಡಿದ ಪುರಸಭೆ 1893ರಲ್ಲಿ ನ್ಯಾಯಾಲಯದ ಸುತ್ತಲಿನ ಬೀದಿಗಳಿಗೆ ಒಪ್ಪಿಗೆ ಕೊಟ್ಟಿತು. ಬಾರ್ತಲೊಮ್ಯೂ ಐದು ವರ್ಷಗಳ ಹೊಣೆ ಹೊತ್ತು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಗಮನಾರ್ಹವಾದ ಸಂಗತಿಯೆಂದರೆ ಆತನು ಬೀದಿಯನ್ನು ಎರಡು ಪದರಗಳಲ್ಲಿ ರಚಿಸಿದುದು. ಕೆಳಗೆ ದಪ್ಪ ಜಲ್ಲಿಯ ನಾಲ್ಕು ಅಂಗುಲ. ಮೇಲೆ ಕುದುರೆಯ ಲಾಳಕ್ಕೂ ಕಬ್ಬಿಣದ ಪಟ್ಟಿಯ ಚಕ್ರಕ್ಕೂ ತಡೆಯುವಂತೆ ಸಣ್ಣ ಜಲ್ಲಿಯ ಎರಡು ಅಂಗುಲ. ಅದರ ಒಂದು ಭಾಗ ಇಂದಿಗೂ ಉಳಿದುಕೊಂಡಿದೆ. ಸವೆದ ಮೇಲೆ ಹೊಸ ಪದರ ಹಾಕುವ ಕ್ರಮವೂ ಇದೇ ತತ್ತ್ವದ ಮೇಲೆ ನಿಂತಿದೆ. ಎರಡು ಪದರಗಳ ನಡುವೆ ಕೆಲವು ಗಂಟೆಗಳಿಗೆ ಬದಲಾಗಿ ಹಲವು ದಶಕಗಳ ಅಂತರವಿರುತ್ತದೆ, ಅಷ್ಟೆ. ಎಲ್ಲ ತೊಡಕೂ ಹುಟ್ಟುವುದು ಆ ಅಂತರದಿಂದಲೇ.

ಹಳೆಯ ಕಾಂಕ್ರೀಟು ತನ್ನ ಕುಗ್ಗುವಿಕೆಯನ್ನು ಎಂದೋ ಮುಗಿಸಿರುತ್ತದೆ. ಹೊಸದು ಒಣಗುತ್ತ ಕುಗ್ಗತೊಡಗುತ್ತದೆ. ಕೆಳಗಿನದು ಅಲುಗದೆ ಹಿಡಿದುಕೊಂಡಿರುವುದರಿಂದ ಹೊಸ ಪದರದಲ್ಲಿ ಎಳೆತ ಉಂಟಾಗುತ್ತದೆ. ಅಂಚುಗಳು ಮೇಲಕ್ಕೆ ಮುರುಟಿಕೊಳ್ಳಲು ಯತ್ನಿಸುತ್ತವೆ. ಎರಡರ ಬೆಸುಗೆ ಈ ಎಳೆತಕ್ಕಿಂತ ಬಲವಾಗಿದ್ದರೆ ಪದರ ನಿಲ್ಲುತ್ತದೆ. ಇಲ್ಲವಾದರೆ ಹಪ್ಪಳದಂತೆ ಏಳುತ್ತದೆ. ‘ಸಿಮೆಂಟಿನ ಮೇಲೆ ಸಿಮೆಂಟು ಹಿಡಿಯುವುದಿಲ್ಲ’ ಎಂದು ಲೋಕರೂಢಿಯಲ್ಲಿ ಹೇಳುವುದು ಕೇಳಿಬರುತ್ತದೆ. ಹಿಡಿಯದಿರುವುದು ಸಿಮೆಂಟಿನ ದೋಷದಿಂದಲ್ಲ; ಧೂಳು, ಎಣ್ಣೆ, ಪಾಚಿ, ಮೇಲೆ ಹೇಳಿದ ಕೆನೆ ಇವುಗಳ ಮೇಲೆ ಹಾಕಿದುದರಿಂದ. ಹೊಸ ಪದರವು ಹಿಡಿದುಕೊಂಡಿರುವುದು ಆ ಧೂಳನ್ನು, ಕಾಂಕ್ರೀಟನ್ನಲ್ಲ.

ಇದನ್ನು ನಮ್ಮ ಗಾರೆ ಕೆಲಸದವರು ಬಲ್ಲರು. ಹಳೆಯ ಗೋಡೆಗೆ ಹೊಸ ಗಾರೆ ಹಚ್ಚುವ ಮೊದಲು ಉಳಿಯಿಂದ ಮೈತುಂಬ ಕಚ್ಚು ಹಾಕಿ, ತೊಳೆದು, ಗೋಡೆಗೆ ನೀರುಣಿಸುವುದು ಅವರ ಪದ್ಧತಿ. ಈಗಿನ ವಿಧಾನವೂ ತತ್ತ್ವತಃ ಅದೇ. ಉಕ್ಕಿನ ಸಣ್ಣ ಗುಂಡುಗಳನ್ನು ವೇಗವಾಗಿ ಎರಚಿ, ಅಥವಾ ಅಧಿಕ ಒತ್ತಡದ ನೀರನ್ನು ಚಿಮ್ಮಿಸಿ, ದುರ್ಬಲವಾದ ಭಾಗವನ್ನೆಲ್ಲ ಕಿತ್ತು ಜಲ್ಲಿಯ ಮುಖ ಕಾಣುವಂತೆ ಮಾಡುತ್ತಾರೆ. ಭಾರವಾದ ಯಂತ್ರಸುತ್ತಿಗೆಯಿಂದ ಕುಟ್ಟಿದರೆ ಉಳಿಯಬೇಕಾದ ಭಾಗದಲ್ಲಿಯೂ ಕಣ್ಣಿಗೆ ಕಾಣದ ಬಿರುಕುಗಳು ಮೂಡುವ ಅಪಾಯವುಂಟು. ಅನಂತರ ಹಳೆಯ ಮೈ ಒಳಗೆ ತೇವವಾಗಿರಬೇಕು, ಮೇಲೆ ನೀರು ನಿಂತಿರಬಾರದು. ತೀರ ಒಣಗಿದ್ದರೆ ಅದು ಹೊಸ ಕಾಂಕ್ರೀಟಿನ ನೀರನ್ನು ಹೀರಿಕೊಳ್ಳುತ್ತದೆ. ನೀರು ನಿಂತಿದ್ದರೆ ಸಂಧಿಯಲ್ಲಿಯೇ ದುರ್ಬಲವಾದ ಪದರವೊಂದು ಹುಟ್ಟುತ್ತದೆ. ತೇಪೆಯ ಅಂಚನ್ನು ಇಳಿಜಾರಾಗಿ ಸೊನ್ನೆಗೆ ತರದೆ ನೆಟ್ಟಗೆ ಕತ್ತರಿಸಬೇಕು. ಹಳೆಯ ನೆಲದಲ್ಲಿ ಸಂದುಗಳಿರುವಲ್ಲಿಯೇ ಹೊಸ ಪದರವನ್ನೂ ಪೂರ್ಣ ಆಳಕ್ಕೆ ಕತ್ತರಿಸಬೇಕು. ಇಲ್ಲವಾದರೆ ಕೆಳಗಿನ ಸಂದು ತಾನಾಗಿಯೇ ಮೇಲೆ ಬಿರುಕಾಗಿ ಮೂಡಿಬರುತ್ತದೆ. ಕೊನೆಯದಾಗಿ, ತೆಳುವಾದ ಪದರ ದಪ್ಪ ಪದರಕ್ಕಿಂತ ಬೇಗ ಒಣಗುವುದರಿಂದ ಅದನ್ನು ಹೆಚ್ಚು ಎಚ್ಚರದಿಂದ ತೇವದಲ್ಲಿಡಬೇಕಾಗುತ್ತದೆ. ನಮ್ಮಲ್ಲಿ ಬಹುಪಾಲು ಕೆಲಸ ಕೆಡುವುದು ಈ ಕಡೆಯ ಹಂತದಲ್ಲಿಯೇ ಎಂದು ನನ್ನ ಅಭಿಪ್ರಾಯ. ಹಾಕುವ ದಿನ ಹತ್ತು ಮಂದಿ ನಿಂತು ನೋಡುತ್ತಾರೆ. ಮರುದಿನ ನೀರು ಹೊಯ್ಯಲು ಒಬ್ಬನೂ ಇರುವುದಿಲ್ಲ.

ಇನ್ನು ಪರೀಕ್ಷೆಯ ವಿಚಾರ. ಒಡಲು ಗಟ್ಟಿಯಾಗಿದೆಯೆಂದು ತಿಳಿಯುವುದು ಹೇಗೆ? ಸುತ್ತಿಗೆಯಿಂದ ತಟ್ಟಿದರೆ, ಅಥವಾ ಸರಪಳಿಯನ್ನು ಎಳೆದುಕೊಂಡು ಹೋದರೆ, ಗಟ್ಟಿಯಾದ ಕಡೆ ಖಣಿಲೆಂದೂ ಟೊಳ್ಳಾದ ಕಡೆ ಮಂಕಾಗಿಯೂ ಸದ್ದು ಬರುತ್ತದೆ. ಒಳಗೆ ಕಬ್ಬಿಣವಿರುವ ಕಾಂಕ್ರೀಟಿಗೆ ಇಷ್ಟು ಸಾಲದು. ಕಾಂಕ್ರೀಟಿನ ಕ್ಷಾರಗುಣವೇ ಒಳಗಿನ ಸಲಾಕೆಗಳಿಗೆ ತುಕ್ಕು ಹಿಡಿಯದಂತೆ ರಕ್ಷೆ. ಗಾಳಿಯಲ್ಲಿರುವ ಇಂಗಾಲಾಮ್ಲ ವಾಯು ವರ್ಷಗಳ ಕಾಲ ಒಳನುಗ್ಗುತ್ತ ಈ ಕ್ಷಾರವನ್ನು ಕಳೆಯುತ್ತದೆ. ಹೊಸದಾಗಿ ಒಡೆದ ಮುಖಕ್ಕೆ ಫಿನಾಲ್ಫ್‌ಥಲೀನ್ ದ್ರಾವಣವನ್ನು ಎರಚಿದರೆ ಕ್ಷಾರವುಳಿದ ಭಾಗ ನಸುಗೆಂಪಾಗುತ್ತದೆ; ಕಳೆದುಹೋದ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಬಣ್ಣವಿಲ್ಲದ ಭಾಗ ಸಲಾಕೆಯನ್ನು ತಲಪಿದ್ದರೆ ತುಕ್ಕು ಆರಂಭವಾಗಿದೆಯೆಂದು ಶಂಕಿಸಬೇಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುತ್ತದೆಯಾದ್ದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ. ಅಂತಹ ಛಾವಣಿಯ ಮೇಲೆ ಹೊಸ ಪದರ ಹಾಕುವುದು ಜೀರ್ಣೋದ್ಧಾರವಲ್ಲ, ರೋಗವನ್ನು ಮರೆಮಾಚುವುದು.

ತಳ ಅಷ್ಟೇನೂ ಚೆನ್ನಾಗಿಲ್ಲದಿದ್ದರೂ ಸಂಪೂರ್ಣ ಕೆಟ್ಟಿಲ್ಲದ ರಸ್ತೆಗಳಲ್ಲಿ ಮತ್ತೊಂದು ಉಪಾಯವುಂಟು. ಅಲ್ಲಿ ಬೆಸೆಯುವುದಕ್ಕೆ ಬದಲಾಗಿ ಬೇರ್ಪಡಿಸುತ್ತಾರೆ. ನಡುವೆ ತೆಳುವಾದ ಡಾಂಬರು ಪದರವನ್ನೋ ದಪ್ಪನೆಯ ಜವಳಿಯನ್ನೋ ಹಾಸಿ, ಮೇಲಿನ ಕಾಂಕ್ರೀಟು ಸ್ವತಂತ್ರವಾಗಿ ನಿಲ್ಲುವಷ್ಟು ದಪ್ಪ ಹಾಕುತ್ತಾರೆ. ಹಳೆಯ ರಸ್ತೆ ಕೇವಲ ಒಳ್ಳೆಯ ಅಡಿಪಾಯವಾಗುತ್ತದೆ. ಬೆಂಗಳೂರಿನ ಅನೇಕ ರಸ್ತೆಗಳಲ್ಲಿ ನಾವು ಕಂಡಿರುವ ‘ವೈಟ್ ಟಾಪಿಂಗ್’ ಇವೆರಡರ ಸೋದರಸಂಬಂಧಿ: ಅಲ್ಲಿ ತಳದಲ್ಲಿರುವುದು ಹಳೆಯ ಡಾಂಬರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಈ ಬಗ್ಗೆ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿದ್ದು, 200 ಮಿಲಿಮೀಟರು ಹಾಗೂ ಅದಕ್ಕಿಂತ ದಪ್ಪದ್ದನ್ನು ಸಾಂಪ್ರದಾಯಿಕವೆಂದೂ, 100ರಿಂದ 200ರ ನಡುವಿನದನ್ನು ತೆಳುವೆಂದೂ ವಿಂಗಡಿಸಿದೆ.

ಉಳಿತಾಯವೆಷ್ಟೆಂಬುದನ್ನು ಸರಳವಾದ ಗಣಿತದಿಂದ ತಿಳಿಯಬಹುದು. ನೆಲದ ಮೇಲೆ ಹಾಸಿದ 100 ಚದರ ಮೀಟರು ವಿಸ್ತಾರದ, 200 ಮಿಲಿಮೀಟರು ದಪ್ಪದ ಕಾಂಕ್ರೀಟನ್ನು ಒಡೆದರೆ 20 ಘನ ಮೀಟರು, ಅಂದರೆ ಸುಮಾರು 48 ಟನ್ನು ಅವಶೇಷ ಹೊರಬೀಳುತ್ತದೆ. ಮತ್ತೆ ಅಷ್ಟೇ ಹೊಸದು ಬೇಕಾಗುತ್ತದೆ. 75 ಮಿಲಿಮೀಟರಿನ ಬೆಸೆದ ಪದರಕ್ಕೆ ಬೇಕಾಗುವುದು ಏಳೂವರೆ ಘನ ಮೀಟರು ಮಾತ್ರ. ಸಿಮೆಂಟಿನ ಮೂಲದ್ರವ್ಯವಾದ ಸುಣ್ಣಕಲ್ಲು ಕಾಯ್ದಾಗ, ಉರುವಲಿನ ಹೊಗೆಯನ್ನು ಬಿಟ್ಟು, ಸುಟ್ಟ ಕಿಟ್ಟದ ಪ್ರತಿಯೊಂದು ಟನ್ನಿಗೂ ಸುಮಾರು ಅರ್ಧ ಟನ್ನು ಇಂಗಾಲಾಮ್ಲ ವಾಯುವನ್ನು ಕಲ್ಲೇ ಹೊರಹಾಕುತ್ತದೆ. ಒಡೆದ ಅವಶೇಷವನ್ನು ಊರಾಚೆಯ ಕೆರೆಯಂಗಳಕ್ಕೆ ಸುರಿಯುವ ದುರಭ್ಯಾಸವೂ, 2016ರ ನಿಯಮಗಳ ತರುವಾಯವೂ, ನಿಂತಿಲ್ಲ. ಕಟ್ಟುಕೊಡಗೆ ಕೊಟ್ಟವರ ಕೆರೆಗಳಿಗೆ ಇದು ವಿಚಿತ್ರವಾದ ಪ್ರತಿಫಲ.

ಹೀಗೆಂದು ಪದರದ ಮೇಲೆ ಪದರ ಹಾಕುತ್ತಲೇ ಹೋಗುವುದು ಸಾಧುವಲ್ಲ. ನಮ್ಮ ಕಾಲೇಜು ಕಟ್ಟಡಗಳಿಗೆ ಸಂಬಂಧಿಸಿದಂತೆ ಇದನ್ನು ಒತ್ತಿ ಹೇಳಬೇಕಾಗಿದೆ. ತಾರಸಿ ಸೋರಿದಾಗಲೆಲ್ಲ ಒಂದೊಂದು ಪದರವನ್ನು ಹೇರುವುದು ಎಷ್ಟೋ ಕಡೆ ವಾಡಿಕೆಯಾಗಿದೆ. 50 ಮಿಲಿಮೀಟರು ದಪ್ಪದ ಕಾಂಕ್ರೀಟು ಪ್ರತಿ ಚದರ ಮೀಟರಿಗೆ ಸುಮಾರು 120 ಕಿಲೋಗ್ರಾಂ ಭಾರವನ್ನು ಸೇರಿಸುತ್ತದೆ. ಮೂರು ಸಲ ಹೀಗೆ ಮಾಡಿದ ತಾರಸಿಯ ಕೆಳಗೆ ತರಗತಿ ನಡೆಸುವವರು ಆ ಲೆಕ್ಕವನ್ನು ಕೇಳುವ ಹಕ್ಕುಳ್ಳವರು. ಅಂಥಲ್ಲಿ ಹಳೆಯ ಪದರವನ್ನು ಕಿತ್ತ ಮೇಲೆಯೇ ಹೊಸದನ್ನು ಹಾಕತಕ್ಕದ್ದು. ರಸ್ತೆಗಳಲ್ಲಿ ಇದೇ ಅವಿವೇಕ ಬೇರೊಂದು ರೂಪದಲ್ಲಿ ಕಾಣುತ್ತದೆ: ರಸ್ತೆ ಏರುತ್ತ ಹೋಗಿ, ಹಳೆಯ ಮನೆಗಳ ಹೊಸ್ತಿಲು ತಗ್ಗಾಗಿ, ಮಳೆಯ ನೀರು ನಡುಮನೆಗೆ ನುಗ್ಗುತ್ತದೆ.

ಪ್ರಾಚೀನ ಕಟ್ಟಡಗಳ ವಿಷಯದಲ್ಲಿ ಮತ್ತೊಂದು ಎಚ್ಚರ ಬೇಕು. ಸುಣ್ಣದ ಗಾರೆ ಮೃದು. ತೇವವನ್ನು ಒಳಗೆ ಬಿಟ್ಟುಕೊಂಡು ಹೊರಗೂ ಬಿಡುತ್ತದೆ. ಅದರ ಮೇಲೆ ಸಿಮೆಂಟನ್ನು ಮೆತ್ತಿದರೆ ತೇವ ಒಳಗೇ ಸಿಕ್ಕಿಬಿದ್ದು, ಹಳೆಯ ಇಟ್ಟಿಗೆ ಲವಣದಿಂದ ಪುಡಿಯಾಗುತ್ತದೆ. ಸುಣ್ಣಕ್ಕೆ ಸುಣ್ಣವೇ ಹೊಂದುವುದು. ಹೊಸ ಪದರವು ಹಳೆಯದಕ್ಕಿಂತ ಬಲಿಷ್ಠವಾಗಿದ್ದಷ್ಟೂ ಒಳ್ಳೆಯದೆಂಬ ಭ್ರಮೆಯಿಂದ ಇಪ್ಪತ್ತನೆಯ ಶತಮಾನದಲ್ಲಿ ಅನೇಕ ಸ್ಮಾರಕಗಳಿಗೆ ಹಾನಿಯಾಗಿದೆ.

ದಾಖಲೆಯ ಬಗ್ಗೆ ಒಂದು ಮಾತು. ನೆಲವನ್ನು ಕೊಳವೆಯಾಕಾರದಲ್ಲಿ ಕೊರೆದು ತೆಗೆದ ಮಾದರಿಯಲ್ಲಿ, ಉತ್ಖನನದ ಗೋಡೆಯಲ್ಲಿ ಕಾಣುವಂತೆ, ಪದರಗಳೆಲ್ಲ ಒಂದರ ಮೇಲೊಂದು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಯಾವ ಪದರ ಯಾವ ವರ್ಷದ್ದು, ಯಾವ ಪ್ರಮಾಣದ ಮಿಶ್ರಣ, ಕೆಳಗಿನದನ್ನು ಹೇಗೆ ಸಿದ್ಧಪಡಿಸಿದರು ಎಂಬುದನ್ನು ಅದು ಹೇಳುವುದಿಲ್ಲ. ಶಾಸನ ಹಾಕಿಸಿದವರು ದತ್ತಿಯ ಮಿತಿ, ಭೂಮಿಯ ಎಲ್ಲೆ, ತಿಥಿ, ವಾರಗಳನ್ನೆಲ್ಲ ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ದುರಸ್ತಿಯಾದ ವರ್ಷ, ಪದರದ ದಪ್ಪ, ಸಂದುಗಳ ನಕ್ಷೆ ಇಷ್ಟನ್ನು ಒಂದು ಪುಟದಲ್ಲಿ ಬರೆದು ಕಟ್ಟಡದ ಕಡತದಲ್ಲಿರಿಸಲು ಯಾವ ಕಾಲೇಜಿಗೂ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು.