ಕೂಸು ಹುಟ್ಟುವ ಮುನ್ನ ಕುಲಾವಿ

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಾಸರಗೋಡು ಸೀಮೆಯ ನಮ್ಮ ಊರುಗಳಲ್ಲಿ ಬಯಲಾಟ ನಿಲ್ಲುತ್ತದೆ. ಆದರೆ ಆಟದ ಮಾತು ನಿಲ್ಲುವುದಿಲ್ಲ. ಅಂಗಳದಲ್ಲಿ ಮಳೆ ಹೊಯ್ಯುತ್ತಿರುವಾಗ ಚಾವಡಿಯಲ್ಲಿ ವೀಳ್ಯದ ಹರಿವಾಣದ ಸುತ್ತ ಕುಳಿತವರು ಮುಂದಿನ ತಿರುಗಾಟದ ಲೆಕ್ಕ ಹಾಕುತ್ತಾರೆ. ಇಂಥ ಭಾಗವತರು ಆ ಮೇಳ ಬಿಟ್ಟರಂತೆ. ಇಂಥ ಪುಂಡುವೇಷದವರು ಈ ಮೇಳ ಸೇರಿದರಂತೆ. ಮೂವರು ಹೆಸರಾಂತ ವೇಷಧಾರಿಗಳನ್ನು ಒಂದೇ ಚೌಕಿಯಲ್ಲಿ ಕೂಡಿಸಿದರೆ ಆಟ ರಂಗೇರೀತೇ, ಜಗಳವಾದೀತೇ? ಹೀಗೆ ಮೊದಲ ಆಟಕ್ಕೆ ಇನ್ನೂ ತಿಂಗಳುಗಳಿರುವಾಗಲೇ ತೀರ್ಪುಗಳು ಹೊರಬೀಳುತ್ತವೆ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಯುವುದು ಎಂದು ಹಿರಿಯರು ನಕ್ಕರೂ ಅವರೂ ಸೂಜಿದಾರ ಹಿಡಿದವರೇ.

ಈ ಚಪಲ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಅಭಿಮಾನಿಗಳಿಗೂ ಇಂಥದೇ ಒಂದು ಮಳೆಗಾಲವಿದೆ. ಎನ್.ಬಿ.ಎ. ಎಂಬ ಅಲ್ಲಿನ ವೃತ್ತಿಪರ ಕೂಟದಲ್ಲಿ 30 ತಂಡಗಳು. ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ ತಂಡವೊಂದಕ್ಕೆ 82 ಪಂದ್ಯಗಳು. ಆಮೇಲೆ ಜೂನ್‌ವರೆಗೆ ಆಯ್ದ ತಂಡಗಳ ಹಣಾಹಣಿ. ಅದು ಮುಗಿದು ಮತ್ತೆ ಆಟ ಆರಂಭವಾಗುವ ತನಕ ಆಟಗಾರರು ತಂಡದಿಂದ ತಂಡಕ್ಕೆ ಹೋಗುತ್ತಾರೆ, ಅಭಿಮಾನಿಗಳು ತರ್ಕ ಮಾಡುತ್ತಾರೆ. ಅಂಥ ತರ್ಕಗಳಲ್ಲಿ 2007ರ ಬೇಸಗೆಯಲ್ಲಿ ಬೋಸ್ಟನ್ ನಗರದಲ್ಲಿ ನಡೆದದ್ದು ನೆನಪಿಡತಕ್ಕದ್ದು. ಮುನ್ನೋಟ ಹೇಳುವವರು ಎಲ್ಲಿ ಎಡವುತ್ತಾರೆಂಬುದನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಸಂಗಗಳು ವಿರಳ.

ಬಾಡಿದ ಮನೆತನ

ಬೋಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯವೇ ಈ ಆಟದ ತವರು. ಅಲ್ಲಿನ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ 1891ರ ಚಳಿಗಾಲದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಹಣ್ಣು ತುಂಬುವ ಬುಟ್ಟಿಗಳನ್ನು ಉಪ್ಪರಿಗೆಯ ಕಟಕಟೆಗೆ ಮೊಳೆ ಹೊಡೆದು ನಿಲ್ಲಿಸಿ ಹುಡುಗರಿಗೆ ಆಡಲು ಕಲಿಸಿದರು. ಆ ರಾಜ್ಯದ ಹೆಮ್ಮೆಯ ತಂಡ ಬೋಸ್ಟನ್ ಸೆಲ್ಟಿಕ್ಸ್. 1959ರಿಂದ 1966ರವರೆಗೆ ಸತತ ಎಂಟು ವರ್ಷ ಕಿರೀಟ ಧರಿಸಿದ ಮನೆತನವದು. 1986ರಲ್ಲಿ ಲ್ಯಾರಿ ಬರ್ಡ್ ಅವರ ಕಾಲದಲ್ಲಿ ಹದಿನಾರನೆಯ ಕಿರೀಟ ಬಂದದ್ದೇ ಕೊನೆ. ಮುಂದಿನ ಇಪ್ಪತ್ತೊಂದು ವರ್ಷ ಬರಿಗೈ.

2006ರ ಅಕ್ಟೋಬರ್‌ನಲ್ಲಿ ತಂಡದ ಪಿತಾಮಹರಂತಿದ್ದ ರೆಡ್ ಔರ್‌ಬ್ಯಾಕ್ ತೀರಿಕೊಂಡರು. ಅನಂತರದ ಋತುವಿನಲ್ಲಿ ತಂಡ ಗೆದ್ದದ್ದು 24, ಸೋತದ್ದು 58. ನಡುವೆ ಒಮ್ಮೆ ಸತತ 18 ಪಂದ್ಯಗಳನ್ನು ಸೋತಿತು. ಒಂದೇ ಒಂದು ಆಸೆ ಉಳಿದಿತ್ತು. ಹೊಸ ಆಟಗಾರರನ್ನು ಸರದಿಯಂತೆ ಆಯ್ದುಕೊಳ್ಳುವ ಪದ್ಧತಿ ಅಲ್ಲಿದೆ. ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ ದೊರೆಯುವ ಸಂಭವ ಹೆಚ್ಚು, ಆದರೂ ಚೀಟಿ ಎತ್ತಿಯೇ ನಿರ್ಣಯವಾಗಬೇಕು. ಆ ವರ್ಷ ಗ್ರೆಗ್ ಓಡನ್, ಕೆವಿನ್ ಡ್ಯುರಾಂಟ್ ಎಂಬ ಇಬ್ಬರು ತರುಣರ ಮೇಲೆ ದೇಶದ ಕಣ್ಣಿತ್ತು. ಬೋಸ್ಟನ್ನಿಗೆ ಬಂದದ್ದು ಐದನೆಯ ಸರದಿ. ಸೋತದ್ದೂ ವ್ಯರ್ಥವಾಯಿತೆಂದು ಊರೇ ನಿಟ್ಟುಸಿರಿಟ್ಟಿತು.

ಏಳು ಮಂದಿ ಹೋದರು, ಇಬ್ಬರು ಬಂದರು

ತಂಡದ ಸೂತ್ರ ಹಿಡಿದಿದ್ದ ಡ್ಯಾನಿ ಐಂಜ್ ಆಗ ಬೇರೊಂದು ದಾರಿ ಹಿಡಿದರು. ಜೂನ್ 28ರಂದು ಆ ಐದನೆಯ ಸರದಿಯನ್ನೂ ಇಬ್ಬರು ಆಟಗಾರರನ್ನೂ ಸಿಯಾಟಲ್ ತಂಡಕ್ಕೆ ಕೊಟ್ಟು, ದೂರದಿಂದ ಚೆಂಡೆಸೆಯುವುದರಲ್ಲಿ ನಿಸ್ಸೀಮನಾದ ರೇ ಅಲೆನ್‌ನನ್ನು ತಂದರು. ಜುಲೈ 31ರಂದು ಐವರು ಆಟಗಾರರನ್ನೂ ಮುಂದಿನ ವರ್ಷಗಳ ಎರಡು ಸರದಿಗಳನ್ನೂ ಮಿನ್ನೆಸೋಟ ತಂಡಕ್ಕೆ ಒಪ್ಪಿಸಿ ಕೆವಿನ್ ಗಾರ್ನೆಟ್ ಒಬ್ಬನನ್ನು ಕರೆತಂದರು. ಒಬ್ಬನಿಗಾಗಿ ಐವರೇ ಎಂದು ವಾಚಕರು ಬೆರಗಾಗಬಹುದು. ಆಟಗಾರರ ಸಂಬಳಕ್ಕೆ ಕೂಟ ಮಿತಿ ವಿಧಿಸಿದೆ. ಮಿತಿ ಮೀರಿದ ತಂಡಗಳು ವಿನಿಮಯ ಮಾಡಿಕೊಳ್ಳುವಾಗ ಎರಡು ಕಡೆಯ ಸಂಬಳದ ಮೊತ್ತ ಹೆಚ್ಚು ಕಡಿಮೆ ಸರಿದೂಗಬೇಕು. ದುಬಾರಿ ಆಟಗಾರನೊಬ್ಬನನ್ನು ತರಬೇಕಾದರೆ ಅರ್ಧ ಚೌಕಿಯೇ ಖಾಲಿಯಾಗುವುದು ಹೀಗೆ.

ಗಾರ್ನೆಟ್ ಹನ್ನೆರಡು ಋತು ಮಿನ್ನೆಸೋಟದಲ್ಲಿ ಏಕಾಂಗಿಯಾಗಿ ಹೆಣಗಿದವನು. 2004ರಲ್ಲಿ ಕೂಟದ ಶ್ರೇಷ್ಠ ಆಟಗಾರನೆನಿಸಿದ್ದವನು. ಬೋಸ್ಟನ್ನಿನಲ್ಲಿ 1998ರಿಂದ ಸೋಲು ಗೆಲುವುಗಳೆಲ್ಲವನ್ನೂ ಉಂಡು ಉಳಿದಿದ್ದವನು ಪಾಲ್ ಪಿಯರ್ಸ್. ಈ ಮೂವರೂ ಪ್ರಸಿದ್ಧರು. ಮೂವರಲ್ಲಿ ಒಬ್ಬನ ತಲೆಗೂ ಕಿರೀಟ ಏರಿರಲಿಲ್ಲ.

ಚಾವಡಿಯ ತರ್ಕ

ಅಲ್ಲಿಂದ ತರ್ಕ ಆರಂಭವಾಯಿತು. ಪತ್ರಿಕೆಗಳಲ್ಲಿ, ಬಾನುಲಿಯಲ್ಲಿ, ಪಾನಗೃಹಗಳಲ್ಲಿ, ಮನೆಯ ಊಟದ ಮೇಜಿನ ಸುತ್ತ ಎರಡು ಪಕ್ಷಗಳಾದವು. ಆಕ್ಷೇಪಿಸುವವರ ಮಾತು ಹಗುರವಾದದ್ದಲ್ಲ. ಚೆಂಡು ಒಂದೇ, ಅದು ತನ್ನ ಕೈಯಲ್ಲೇ ಇರಬೇಕೆಂಬ ಅಭ್ಯಾಸದವರು ಮೂವರು. ಒಮ್ಮೆ ಚೆಂಡು ಕೈಗೆ ಬಂದರೆ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು. ಅಷ್ಟರಲ್ಲಿ ಯಾರು ಎಸೆಯುವುದು, ಯಾರು ನೋಡುತ್ತ ನಿಲ್ಲುವುದು? ಇನ್ನು ವಯಸ್ಸು. ಗಾರ್ನೆಟ್‌ಗೆ 31, ಅಲೆನ್‌ಗೆ 32, ಪಿಯರ್ಸ್ 30ರ ಹೊಸ್ತಿಲಲ್ಲಿ. ಅದರಲ್ಲೂ ಅಲೆನ್‌ನ ಎರಡು ಪಾದಗಳ ಗಂಟುಗಳಿಗೂ ಆ ವರ್ಷವೇ ಶಸ್ತ್ರಚಿಕಿತ್ಸೆಯಾಗಿತ್ತು.

ಮೂರನೆಯ ಆಕ್ಷೇಪ ಇನ್ನೂ ತೀಕ್ಷ್ಣ. ಅಂಕಣದಲ್ಲಿ ಐವರು ಆಡಬೇಕು. ಮೂವರಾದ ಮೇಲೆ ಉಳಿದಿಬ್ಬರು ಯಾರು? ಚೆಂಡನ್ನು ನಡೆಸಿ ಹಂಚಬೇಕಾದವನು ರಾಜಾನ್ ರೊಂಡೊ ಎಂಬ 21ರ ಹುಡುಗ, ಒಂದೇ ಋತುವಿನ ಅನುಭವಿ. ಬುಟ್ಟಿಯ ಕೆಳಗೆ ಕಾವಲು ನಿಲ್ಲಬೇಕಾದವನು 22ರ ಕೆಂಡ್ರಿಕ್ ಪರ್ಕಿನ್ಸ್. ಇವರಿಬ್ಬರನ್ನು ನಂಬಿ ಕಿರೀಟದ ಕನಸೇ? ತರಬೇತುದಾರ ಡಾಕ್ ರಿವರ್ಸ್ ಅವರ ಮೇಲೂ ಬಹಳ ಮಂದಿಗೆ ವಿಶ್ವಾಸವಿರಲಿಲ್ಲ. 58 ಸೋಲಿನ ಹೊಣೆ ಅವರ ತಲೆಯ ಮೇಲಿತ್ತು.

ಇವೆಲ್ಲದರ ಅಡಿಯಲ್ಲಿ ಲೆಕ್ಕಕ್ಕೆ ಸಿಕ್ಕದ ಒಂದು ಸಂಕಟವೂ ಇತ್ತು. ಮಿನ್ನೆಸೋಟಕ್ಕೆ ಹೋದವರಲ್ಲಿ ಅಲ್ ಜೆಫರ್ಸನ್ ಒಬ್ಬ. 2004ರಲ್ಲಿ ಪ್ರೌಢಶಾಲೆಯಿಂದ ನೇರವಾಗಿ ಬಂದ ಹುಡುಗ. ಊರಿನ ಕಣ್ಣೆದುರೇ ಬೆಳೆದು, ಆ ದುರ್ಭರ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 16 ಅಂಕ ಗಳಿಸಿದ್ದವನು. ಮನೆಯಲ್ಲೇ ಬೆಳೆಸಿದ ಸಸಿ ಫಲ ಕೊಡುವ ಹೊತ್ತಿಗೆ ಕಿತ್ತು ಕೊಟ್ಟು, ಮುಪ್ಪಿನತ್ತ ಹೊರಟ ಮರವನ್ನು ತಂದು ನೆಡುವುದು ಜಾಣತನವೇ ಎಂದು ಕೇಳಿದವರ ನೋವು ಸುಳ್ಳಲ್ಲ. ತಂಡವೆಂದರೆ ಬಣ್ಣದ ಅಂಗಿಯೇ, ಅದನ್ನು ತೊಟ್ಟ ಜನರೇ? ಪ್ರತಿ ಬೇಸಗೆಯೂ ಅಭಿಮಾನಿಯ ಮುಂದಿಡುವ ಪ್ರಶ್ನೆ ಇದು.

ಆಶಾವಾದಿಗಳ ಉತ್ತರ ಸರಳವಾಗಿತ್ತು. ಇಪ್ಪತ್ತೊಂದು ವರ್ಷ ಕಾದಿದ್ದೇವೆ, ಸಸಿ ಮರವಾಗುವ ತನಕ ಇನ್ನೆಷ್ಟು ಕಾಯುವುದು? ಕಿರೀಟಕ್ಕಾಗಿ ಹಸಿದ ಮೂವರು ಒಂದೇ ಪಂಕ್ತಿಯಲ್ಲಿ ಕುಳಿತರೆ ಹಂಚಿಕೊಂಡೇ ಉಣ್ಣುವರು ಎಂದರು.

ಅಣಿಯಾದ ಬಗೆ

ಹೊರಗೆ ಮಾತು ನಡೆಯುತ್ತಿರುವಾಗ ಒಳಗೆ ಬೇರೆಯೇ ಸಿದ್ಧತೆ ನಡೆದಿತ್ತು. ಋತು ಆರಂಭಕ್ಕೆ ಮೊದಲು ರಿವರ್ಸ್ ಅವರು ಆ ಮೂವರನ್ನೂ ನೆಲದ ಮೇಲೂ ನೀರಿನ ಮೇಲೂ ಓಡುವ ಬೋಸ್ಟನ್ನಿನ ಪ್ರವಾಸಿ ವಾಹನವೊಂದರಲ್ಲಿ ಕೂಡಿಸಿ, ಗೆದ್ದ ತಂಡದ ವಿಜಯಯಾತ್ರೆ ಸಾಗುವ ಬೀದಿಗಳಲ್ಲಿ ಸುತ್ತಾಡಿಸಿದರು. ಇನ್ನೂ ಒಂದು ಪಂದ್ಯವನ್ನೂ ಆಡಿರಲಿಲ್ಲ! ಕುಲಾವಿ ಹೊಲಿಯುವುದರಲ್ಲಿ ಗುರುವೇ ಅಭಿಮಾನಿಗಳನ್ನು ಮೀರಿಸಿದ್ದರು.

ಅಕ್ಟೋಬರ್‌ನಲ್ಲಿ ತಂಡ ರೋಮ್ ನಗರಕ್ಕೆ ಹೋಯಿತು. ಅಲ್ಲಿ ಅಭ್ಯಾಸ, ಅಲ್ಲೂ ಲಂಡನ್ನಿನಲ್ಲೂ ಪೂರ್ವಸಿದ್ಧತೆಯ ಪಂದ್ಯಗಳು. ಮನೆ, ನೆಂಟರು, ಪತ್ರಿಕೆಯವರ ಕಾಟವಿಲ್ಲದ ಪರಸ್ಥಳದಲ್ಲಿ ಹೊಸಬರೂ ಹಳಬರೂ ಒಟ್ಟಿಗೆ ಉಂಡು, ಒಟ್ಟಿಗೆ ತಿರುಗಾಡಿ ಪರಿಚಿತರಾದರು. ದಕ್ಷಿಣ ಆಫ್ರಿಕದ ಕಡೆಯ ‘ಉಬುಂಟು’ ಎಂಬ ಮಾತನ್ನು ರಿವರ್ಸ್ ತಂಡದ ಮಂತ್ರವಾಗಿಸಿದರು. ನಾವಿರುವುದರಿಂದಲೇ ನಾನಿದ್ದೇನೆ ಎಂಬುದು ಅದರ ತಾತ್ಪರ್ಯ. ಇವೆಲ್ಲಕ್ಕಿಂತ ಹೆಚ್ಚಿನದು ಟಾಮ್ ತಿಬೊಡೊ ಎಂಬ ಸಹಾಯಕ ತರಬೇತುದಾರರ ಆಗಮನ. ಎದುರಾಳಿ ಬುಟ್ಟಿಯತ್ತ ನುಗ್ಗದಂತೆ ಐವರೂ ಒಂದೇ ಬಲೆಯಂತೆ ಸರಿದಾಡುವ ರಕ್ಷಣೆಯನ್ನು ಅವರು ನೇಯ್ದರು. ಬೇಸಗೆಯ ತರ್ಕದಲ್ಲಿ ಈ ಹೆಸರನ್ನು ಎತ್ತಿದವರು ಬಹಳ ಕಡಿಮೆ.

ಲೆಕ್ಕ ತಪ್ಪಿದ್ದೆಲ್ಲಿ?

ನವೆಂಬರ್ 2ರಂದು ವಾಷಿಂಗ್ಟನ್ ತಂಡವನ್ನು 103–83ರಿಂದ ಸೋಲಿಸಿ ಆರಂಭವಾದ ಋತು 66 ಗೆಲುವು, 16 ಸೋಲಿನೊಂದಿಗೆ ಮುಗಿಯಿತು. ಹಿಂದಿನ ವರ್ಷಕ್ಕಿಂತ 42 ಗೆಲುವು ಹೆಚ್ಚು. ಒಂದೇ ವರ್ಷದಲ್ಲಿ ಅಷ್ಟು ಮೇಲೇರಿದ ತಂಡ ಆ ಕೂಟದ ಚರಿತ್ರೆಯಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಕೊನೆಯ ಹಂತದಲ್ಲಿ ಮತ್ತೆ ಆತಂಕ ಹುಟ್ಟಿತು. ಮೊದಲೆರಡು ಸುತ್ತುಗಳಲ್ಲಿ ಪರಸ್ಥಳದ ಪಂದ್ಯಗಳನ್ನೆಲ್ಲ ಸೋತು, ಎರಡನ್ನೂ ಏಳನೆಯ ಪಂದ್ಯದಲ್ಲಿ ಮನೆಯಂಗಳದಲ್ಲೇ ಗೆಲ್ಲಬೇಕಾಯಿತು. ಕಡೆಗೆ 2008ರ ಜೂನ್ 17ರಂದು ಲಾಸ್ ಏಂಜಲೀಸ್ ಲೇಕರ್ಸ್ ತಂಡವನ್ನು 131–92ರಿಂದ ಮಣಿಸಿ ಹದಿನೇಳನೆಯ ಕಿರೀಟ ಧರಿಸಿತು. ಎರಡು ದಿನಗಳ ಬಳಿಕ ಅದೇ ಬೀದಿಗಳಲ್ಲಿ, ಅದೇ ಬಗೆಯ ವಾಹನಗಳಲ್ಲಿ ವಿಜಯಯಾತ್ರೆ ಸಾಗಿತು.

ಒಂದು ಚೆಂಡು, ಮೂವರು ಎಂಬ ಆಕ್ಷೇಪ ಏನಾಯಿತು? ಅಂಕಿಗಳೇ ಉತ್ತರಿಸುತ್ತವೆ. ಹಿಂದಿನ ಋತುವಿನಲ್ಲಿ ತಮ್ಮ ತಮ್ಮ ತಂಡಗಳಿಗೆ ಅಲೆನ್ ಪಂದ್ಯಕ್ಕೆ ಸರಾಸರಿ 26.4, ಪಿಯರ್ಸ್ 25.0, ಗಾರ್ನೆಟ್ 22.4 ಅಂಕ ಗಳಿಸಿದ್ದರು. ಒಟ್ಟುಗೂಡಿದ ಮೇಲೆ ಅದು ಕ್ರಮವಾಗಿ 17.4, 19.6, 18.8 ಆಯಿತು. ಮೂವರೂ ಸೇರಿ ಪಂದ್ಯಕ್ಕೆ 18 ಅಂಕ ಕಡಿಮೆ ಗಳಿಸಿದರು. ತಂಡ 42 ಪಂದ್ಯ ಹೆಚ್ಚು ಗೆದ್ದಿತು! ಆಕ್ಷೇಪಿಸಿದವರು ಕೂಡಿಸುವ ಲೆಕ್ಕ ಮಾಡಿದ್ದರು. ಆಟಗಾರರು ಕಳೆಯುವ ಲೆಕ್ಕ ಮಾಡಿದರು. ತಾನು ಎಸೆಯಬಹುದಾದ ಚೆಂಡನ್ನು ಪಕ್ಕದವನಿಗೆ ದಾಟಿಸಿ, ಉಳಿದ ಕಸುವನ್ನು ರಕ್ಷಣೆಗೆ ಸುರಿದರು. ಆ ವರ್ಷ ಕೂಟದಲ್ಲೇ ಅತ್ಯುತ್ತಮ ರಕ್ಷಣೆ ಬೋಸ್ಟನ್ನಿನದು. ರಕ್ಷಣೆಯ ಶ್ರೇಷ್ಠ ಆಟಗಾರನೆಂಬ ಗೌರವ ಗಾರ್ನೆಟ್‌ನದು. ಯಾರೂ ನಂಬದಿದ್ದ ರೊಂಡೊ, ಪರ್ಕಿನ್ಸ್ ಇಬ್ಬರೂ ತಮ್ಮ ಪಾಲಿನ ಕೆಲಸ ಮಾಡಿ ತೋರಿಸಿದರು.

ನಮ್ಮ ಮಾತಿನಲ್ಲಿ ಹೇಳುವುದಾದರೆ, ಮುನ್ನೋಟ ಹೇಳುವವರು ಎಣಿಸುವುದು ಮುಮ್ಮೇಳದ ಹೆಸರುಗಳನ್ನು. ಆಟವನ್ನು ಎತ್ತುವುದು ಹಿಮ್ಮೇಳ. ಪ್ರಸಿದ್ಧ ವೇಷಧಾರಿ ಹಿಮ್ಮೇಳಕ್ಕೆ ಕಿವಿಗೊಟ್ಟು ಕುಣಿದನೆಂದರೆ ಆ ರಾತ್ರಿ ಬೆಳಗಾದದ್ದೇ ಗೊತ್ತಾಗುವುದಿಲ್ಲ.

ಅದೇ ಹೆಸರು, ಬೇರೆ ಚೌಕಿ

ಹಾಗೆಂದು ಆಕ್ಷೇಪಿಸಿದವರೆಲ್ಲ ಅವಿವೇಕಿಗಳೆನ್ನಲಾಗದು. ವಯಸ್ಸಿನ ಮಾತು ತಡವಾಗಿ ನಿಜವಾಯಿತು. 2009ರಲ್ಲಿ ಗಾರ್ನೆಟ್‌ನ ಮಂಡಿ ಕೈಕೊಟ್ಟಿತು. 2010ರಲ್ಲಿ ಅದೇ ಲೇಕರ್ಸ್ ಎದುರು ಏಳನೆಯ ಪಂದ್ಯದಲ್ಲಿ ಸೋಲಾಯಿತು. 2012ರಲ್ಲಿ ಅಲೆನ್ ಮಯಾಮಿ ತಂಡಕ್ಕೆ ಹೊರಟುಹೋದ. ಆ ಮೂವರ ಕೂಟಕ್ಕೆ ದಕ್ಕಿದ್ದು ಒಂದೇ ಕಿರೀಟ.

2013ರ ಬೇಸಗೆಯಲ್ಲಿ ತಕ್ಕಡಿ ತಿರುವುಮುರುವಾಯಿತು. ಐಂಜ್ ಅವರು ಗಾರ್ನೆಟ್, ಪಿಯರ್ಸ್ ಇಬ್ಬರನ್ನೂ ಬ್ರೂಕ್ಲಿನ್ ತಂಡಕ್ಕೆ ಕೊಟ್ಟು, ಆ ತಂಡದ ಮುಂದಿನ ವರ್ಷಗಳ ಆಯ್ಕೆಯ ಸರದಿಗಳನ್ನು ಪಡೆದರು. ಈಗ ಹಿಗ್ಗುವ ಸರದಿ ಬ್ರೂಕ್ಲಿನ್ನಿನದು. ಹೆಸರುಗಳ ಪಟ್ಟಿ ಕಣ್ಣು ಕೋರೈಸುವಂತಿತ್ತು. ಗಾರ್ನೆಟ್‌ಗೆ ಆಗ 37. ತಂಡದ ಎತ್ತರದ ಕಂಬ ಬ್ರೂಕ್ ಲೋಪೆಜ್ 17 ಪಂದ್ಯಗಳಲ್ಲೇ ಕಾಲು ಮುರಿದುಕೊಂಡ. ಗೆದ್ದದ್ದು 44, ಸೋತದ್ದು 38. ಎರಡನೆಯ ಸುತ್ತಿನಲ್ಲಿ ಮಯಾಮಿ ಎದುರು ಪಯಣ ಮುಗಿಯಿತು. ಮನೆಮಗನಂತಿದ್ದ ಪಿಯರ್ಸ್‌ನನ್ನು ಕಳುಹಿಸಿದ ದುಃಖದಲ್ಲಿದ್ದ ಬೋಸ್ಟನ್ನಿಗೆ ಆ ಸರದಿಗಳ ಫಲವಾಗಿ 2016ರಲ್ಲಿ ಜೇಲನ್ ಬ್ರೌನ್, 2017ರಲ್ಲಿ ಜೇಸನ್ ಟೇಟಮ್ ಬಂದರು. ಅವರಿಬ್ಬರ ಬಲದಿಂದ 2024ರಲ್ಲಿ ಹದಿನೆಂಟನೆಯ ಕಿರೀಟ ಬಂದಿತು. 2007ರಲ್ಲಿ ಸಸಿ ಕೊಟ್ಟು ಮರ ತಂದವರೇ 2013ರಲ್ಲಿ ಮರ ಕೊಟ್ಟು ಬೀಜ ತಂದಿದ್ದರು. ಎರಡೂ ಫಲಿಸಿದವು; ಎರಡು ಸಲವೂ ಊರಿನ ಅರ್ಧ ಜನ ಮರುಗಿದ್ದರು.

ಹಾಗಾದರೆ ಋತುವಿಗೆ ಮೊದಲಿನ ಈ ವಾದಗಳೆಲ್ಲ ವ್ಯರ್ಥವೇ? ಹಾಗೆನ್ನಲು ಮನಸ್ಸು ಒಪ್ಪುವುದಿಲ್ಲ. ಕುಲಾವಿ ಹೊಲಿಯುವ ಅಜ್ಜಿಗೆ ಮಗುವಿನ ತಲೆಯ ಅಳತೆ ತಿಳಿದಿರುವುದಿಲ್ಲ. ಆದರೂ ಆ ಮನೆಯಲ್ಲಿ ಮಗುವಿಗಾಗಿ ಕಾಯುವವರಿದ್ದಾರೆಂಬುದಕ್ಕೆ ಕುಲಾವಿಯೇ ಸಾಕ್ಷಿ. ಇಪ್ಪತ್ತೊಂದು ವರ್ಷ ಬರಿಗೈಯಲ್ಲಿ ಕುಳಿತ ಊರೊಂದು ಪ್ರತಿ ಬೇಸಗೆಯೂ ಜಗಳವಾಡುತ್ತ ತನ್ನ ತಂಡವನ್ನು ಜೀವಂತವಾಗಿಟ್ಟಿತು. ಮುಂದಿನ ಸಲ ಮಳೆಗಾಲದ ಚಾವಡಿಯಲ್ಲಿ ಯಾರಾದರೂ ಮೂವರು ಹೆಸರಾಂತರ ಮಾತೆತ್ತಿದಾಗ ನಾವು ಒಂದನ್ನು ಮಾತ್ರ ಕೇಳೋಣ: ಅವರಲ್ಲಿ ಯಾರು ಯಾರಿಗಾಗಿ ಏನನ್ನು ಬಿಟ್ಟುಕೊಡಲು ಸಿದ್ಧರಿದ್ದಾರೆ? ಉತ್ತರ ಚೌಕಿಯೊಳಗಿರುತ್ತದೆ; ಹೊರಗಿನ ನಮಗೆ ಅದು ಕಾಣುವುದು ದೀವಟಿಗೆ ಹೊತ್ತಿದ ಮೇಲೆಯೇ.