ಬೀಡಿಯ ಹೊಗೆ, ಜೀವಕೋಶದ ಕಾವಲು

ನಿಪ್ಪಾಣಿ ಎಂದೊಡನೆ ನೆನಪಾಗುವುದು ಬೀಡಿ ತಂಬಾಕು. ಕೃಷ್ಣೆಯ ನೀರುಂಡ ರಾಯಬಾಗ, ಅಥಣಿ, ಕಾಗವಾಡಗಳಿಗೆ ಕಬ್ಬು ಹೇಗೋ, ನಿಪ್ಪಾಣಿ–ಚಿಕ್ಕೋಡಿ ಸೀಮೆಯ ಕಪ್ಪು ನೆಲಕ್ಕೆ ಈ ಎಲೆ ಹಾಗೆ. ಎಷ್ಟೋ ಮನೆಗಳ ಮಕ್ಕಳ ಓದು, ಮದುವೆ ಇದರ ದುಡ್ಡಿನಲ್ಲೇ ನಡೆದಿವೆ. ಅದೇ ಎಲೆ ಹೊಗೆಯಾಗಿ ಎದೆಗೂಡು ಸೇರಿದಾಗ ನಮ್ಮ ಜೀವಕೋಶ ಏನು ಮಾಡುತ್ತದೆ?

ಹೊಗೆಯಲ್ಲಿ ಬೆಂಜೊಪೈರಿನ್ ಎಂಬ ವಿಷವಿದೆ. ದೇಹ ಅದನ್ನು ಹೊರಹಾಕಲು ಹೋಗಿ ಇನ್ನಷ್ಟು ಅಪಾಯಕಾರಿ ರೂಪಕ್ಕೆ ತಿರುಗಿಸಿಬಿಡುತ್ತದೆ. ಧೋತರಕ್ಕೆ ಉತ್ತರಾಣಿ ಮುಳ್ಳು ಹತ್ತಿದಂತೆ ಅದು ಡಿಎನ್‌ಎ ಎಳೆಗೆ ಅಂಟುತ್ತದೆ. ಕೋಶ ಇಬ್ಭಾಗವಾಗುವ ಮುನ್ನ ಡಿಎನ್‌ಎ ನಕಲಾಗಬೇಕಷ್ಟೆ. ಆ ಕೆಲಸ ಅಲ್ಲಿಗೆ ಬಂದು ನಿಲ್ಲುತ್ತದೆ. ಆಗ ಎಟಿಆರ್ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಎಳೆಗಳೆರಡೂ ತುಂಡಾದರೆ ಅದರ ಬಂಧು ಎಟಿಎಂ ಓಡಿಬರುತ್ತದೆ. (ಹಣ ಕೊಡುವ ಎಟಿಎಂ ಅಲ್ಲ!)

ಇವುಗಳ ಕೆಲಸ ಒಂದೇ: ಎಟಿಪಿಯಿಂದ ಒಂದು ಫಾಸ್ಫೇಟ್ ಕಿತ್ತು ಬೇರೊಂದು ಪ್ರೋಟೀನಿಗೆ ಅಂಟಿಸುವುದು. ಒಂದು ರಂಜಕ, ನಾಲ್ಕು ಆಮ್ಲಜನಕದ ಈ ಪುಟ್ಟ ತುಣುಕಿನ ಋಣ ವಿದ್ಯುದಂಶದಿಂದ ಪ್ರೋಟೀನಿನ ನಡತೆಯೇ ಬದಲಾಗುತ್ತದೆ. ಹೊಸ ಪ್ರೋಟೀನು ತಯಾರಾಗುವತನಕ ಕಾಯಬೇಕಿಲ್ಲ. ಸುದ್ದಿ ನಿಮಿಷಗಳಲ್ಲಿ ಮುಟ್ಟುತ್ತದೆ. ಕೆಲಸ ಮುಗಿದ ಮೇಲೆ ಬೇರೆ ಕಿಣ್ವ ಅದನ್ನು ಕಿತ್ತು ಹಾಕುತ್ತದೆ. ಈ ಅಂಟಿಸಿ ಕೀಳುವ ವ್ಯವಸ್ಥೆಯನ್ನು ಕಂಡುಹಿಡಿದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು.

ಗುರುತು ಬೀಳುವ ಪ್ರೋಟೀನುಗಳಲ್ಲಿ ಮುಖ್ಯವಾದುದು ಪಿ53. ಮಾಮೂಲಿ ದಿನಗಳಲ್ಲಿ ಅದು ಹುಟ್ಟಿದಷ್ಟೇ ಬೇಗ ನಾಶವಾಗುತ್ತದೆ; ನಾಶಕ್ಕೆ ಗುರಿಮಾಡುವುದು ಎಂಡಿಎಂ2. ಪಿ53ರ 15ನೆಯ ಅಮೈನೊ ಆಮ್ಲವಾದ ಸೆರೀನಿನ ಮೇಲೂ ಇನ್ನು ಕೆಲವು ಕಡೆಯೂ ಫಾಸ್ಫೇಟ್ ಕೂತರೆ ಎಂಡಿಎಂ2ರ ಹಿಡಿತ ಸಡಿಲಗೊಳ್ಳುತ್ತದೆ. ಪಿ53 ಶೇಖರವಾಗಿ, ಕೋಶ ಇಬ್ಭಾಗವಾಗುವುದನ್ನು ತಡೆಯುತ್ತದೆ. ದುರಸ್ತಿಗೆ ಸಮಯ ಸಿಗುತ್ತದೆ. ಹಾನಿ ಕೈಮೀರಿದ್ದರೆ ಕೋಶ ತಾನೇ ಸಾಯುತ್ತದೆ. ಕ್ಯಾನ್ಸರ್ ಆಗಿ ಬೆಳೆಯುವುದಕ್ಕಿಂತ ಅದೇ ಮೇಲು.

ಘೋರವಾದ ಮಾತು ಮುಂದಿದೆ. ಬೆಂಜೊಪೈರಿನ್ ಅಂಟುವ ಜಾಗಗಳಲ್ಲಿ ಪಿ53ರ ವಂಶವಾಹಿಯೂ ಒಂದು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಆ ವಂಶವಾಹಿ ಎಲ್ಲೆಲ್ಲಿ ಹೆಚ್ಚಾಗಿ ಕೆಟ್ಟಿರುತ್ತದೋ ಅಲ್ಲೇ ಈ ವಿಷ ಹೆಚ್ಚು ಅಂಟುತ್ತದೆಂದು 1996ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಕಾವಲುಗಾರನೇ ಕೆಟ್ಟ ಮೇಲೆ ಎಟಿಎಂ ಎಷ್ಟು ಸುದ್ದಿ ಕಳಿಸಿದರೂ ಕೇಳುವವರಿಲ್ಲ.

ಬೀಡಿ ಸಿಗರೇಟಿಗಿಂತ ಸೌಮ್ಯ ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಅದು ಸುಳ್ಳು. ಬೀಡಿ ಆರದಿರಲು ಪದೇ ಪದೇ ಎಳೆಯಬೇಕು, ಹೊಗೆಯ ಟಾರೂ ಕಡಿಮೆಯಲ್ಲ. ಜಗಿಯುವವರಿಗೂ ವಿನಾಯಿತಿಯಿಲ್ಲ, ತಂಬಾಕಿನ ನೈಟ್ರೊಸಮೀನುಗಳೂ ಡಿಎನ್‌ಎಯನ್ನು ಕೆಡಿಸುತ್ತವೆ. ಸೇದುವುದನ್ನು ಬಿಟ್ಟು ಹತ್ತು ವರ್ಷವಾದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕಿಳಿದಿರುತ್ತದೆ.